ಎಲ್ಲಿಗೂ ಹೊರಡದ ನಡಿಗೆ

ಹೋದ ಚಳಿಗಾಲ ದಮ್ಮು ಏರಿ ಮಲಗಿದ ಮೇಲೆ ಸೊಸೆಯೇ ನನಗೆ ಸ್ನಾನ ಮಾಡಿಸತೊಡಗಿದಳು. ಬಂಗಾರದಂಥ ಹುಡುಗಿ, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೂ ನೀರು ಮೈಮೇಲೆ ಬೀಳುವಾಗ ನಾನು ಕಣ್ಣು ಮುಚ್ಚಿ ಶಿವನ ಹೆಸರು ಹೇಳುತ್ತಿದ್ದೆ, ನಾಚಿಕೆಗೆ.

ಚಿಂತಾಕಿಯ ತವರಿನಲ್ಲಿ, ಆಮೇಲೆ ಈ ನೌಬಾದದ ಮನೆಯಲ್ಲಿ, ಗ್ಯಾಸು ಬರುವವರೆಗೂ ಕಟ್ಟಿಗೆ ಒಲೆ ಊದಿದ ಎದೆ ಇದು. ಬೀದರಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ.

"ಇದು ಪೂರಾ ವಾಸಿ ಆಗೂ ಬ್ಯಾನಿ ಅಲ್ಲರಿ ಅವ್ವಾರ. ಬಾಯಾಗ ಹೊಡ್ಕೊಳ್ಳೂ ಔಷಧದ ಪಂಪು ಬಿಡಬ್ಯಾಡ್ರಿ. ಆದ್ರ ದಮ್ಮು ಬರ್ತದಂತ ಕೂತೇ ಇದ್ರ ಕಾಲಿನ ಕಸುವೂ ಹೋಗ್ತದ, ಆಮ್ಯಾಲ ಎದ್ದು ನಿಂತ್ರೂ ದಮ್ಮು. ದಿನಾ ಸಾವಕಾಶ ನಡೀರಿ. ದಮ್ಮು ಬಂದ್ರ ನಿಲ್ರಿ, ಮತ್ತ ನಡೀರಿ."

"ನನ್ನ ಸ್ನಾನ ನಾನೇ ಮಾಡ್ಕೊಳ್ಳೂ ಹಂಗ ಆಗ್ತೀನೇನ್ರಿ?"

"ಅದಕ್ಕೇ ನಡೀರಿ ಅಂದೆ."

ನಡೆಯುವುದು ಕಷ್ಟ. ನಮ್ಮ ಗಲ್ಲಿಯಲ್ಲಿ ಎಲ್ಲಿಗೂ ಹೋಗದೆ ಸುಮ್ಮನೆ ನಡೆಯುವುದು ಇನ್ನೂ ಕಷ್ಟ. ಎದುರು ಮನೆಯ ಆಪಾ ಮೊದಲ ದಿನವೇ ಹಿಡಿದು ನಿಲ್ಲಿಸಿದಳು.

"ಎಲ್ಲಿಗ್ ಹೊಂಟ್ರಿ ಅಕ್ಕಾ?"

"ಎಲ್ಲಿಗೂ ಇಲ್ರಿ. ಹಿಂಗೇ."

"ಎಲ್ಲಿಗೂ ಇಲ್ಲಂದ್ರ ನಡಿಯೂದ್ಯಾಕ? ಬರ್ರಿ, ಕೂಡ್ರಿ, ಚಾ ಇಟ್ಟೀನಿ."

ಅಲ್ಲಿ ಕುರ್ಚಿ, ಅದರ ಮುಂದಿನ ಮನೆಯಲ್ಲಿ ಮಂಚ. ಮಾತಾಡಿದರೆ ದಮ್ಮು, ಆಡದಿದ್ದರೆ ಸೊಕ್ಕು ಅಂತಾರೆ. ನಡೆದದ್ದಕ್ಕಿಂತ ಕೂತದ್ದೇ ಹೆಚ್ಚಾಯಿತು. ಅಷ್ಟರಲ್ಲಿ ಗಲ್ಲಿಯಲ್ಲಿ ಸುದ್ದಿ ಹಬ್ಬಿತು: ಸೊಸೆ ಮುದುಕಿಯನ್ನು ಮನೆಯಲ್ಲಿ ನಿಲ್ಲಗೊಡುವುದಿಲ್ಲವಂತೆ! ಭಾಲ್ಕಿಯ ನನ್ನ ತಂಗಿಗೂ ಅದು ಮುಟ್ಟಿ, "ಅಕ್ಕಾ, ಜಗಳಾ ಆಗೇದೇನು? ನಮ್ಮ ಮನಿಗಿ ಬಂದ್ಬಿಡು" ಅಂತ ಫೋನು ಮಾಡಿದಳು.

ಸೊಸೆ ಅತ್ತೇಬಿಟ್ಟಳು. "ಅತ್ತಿ, ಇನ್ನ ನಡೀಬ್ಯಾಡ್ರಿ. ಮಂದಿ ಮುಂದ ತಲಿ ಎತ್ತಲಾರದಂಗ ಆಗೇದ. ಸ್ನಾನ ನಾ ಮಾಡಸ್ತೇನಿ, ನಂಗೇನ್ ಭಾರಾ?"

ಅವಳಿಗೆ ಭಾರವಲ್ಲ, ನನಗೆ ಭಾರ. ಆದರೂ ಅವಳಿಗಾಗಿ ಮನೆಯಲ್ಲೇ ಕೂತೆ.

ಸೋಮವಾರ ಬಂತು. ನಾನು ಮಲಗಿದಾಗಿನಿಂದ ಗಲ್ಲಿಯ ತುದಿಯ ಶಿವನ ಗುಡಿಗೆ ಹೋಗುವುದು ಸೊಸೆಯ ಪಾಲಿಗೆ ಬಿದ್ದಿತ್ತು. ಅಂದು ಪೂಜೆ ತಾಟು ನಾನೇ ಇಸಕೊಂಡೆ. ಬರೇ ಹೂವು, ಒಂದಿಷ್ಟು ಸಕ್ಕರೆ. ಕಾಯಿ ಇಟ್ಟರೆ ಹೊರುವವರ್ಯಾರು? ಆಪಾ ಬಾಗಿಲಿಗೆ ಬಂದಳು, ತಾಟು ನೋಡಿದಳು, ಸರಿದು ನಿಂತಳು. ದೇವರಿಗೆ ಹೊರಟವಳನ್ನು ಯಾರೂ ಕೂಡಿಸಿಕೊಳ್ಳುವುದಿಲ್ಲ. ಕರೆಂಟಿನ ಕಂಬ ಹಿಡಿದು ದಮ್ಮು ತಗೊಂಡರೂ ಜಪ ಮಾಡುತ್ತಿದ್ದಾಳೆ ಅಂದುಕೊಂಡು ಬಿಟ್ಟರು.

ಅಂದಿನಿಂದ ದಿನಾ ಗುಡಿ. ದೇವರ ಮುಂದೆ ಸುಳ್ಳು ಹೇಳಿಲ್ಲ. "ಶಿವನೇ, ಅರ್ಧ ನಿನಗಂತ ಬಂದೀನಿ, ಅರ್ಧ ನನ್ನ ಕಾಲಿಗಂತ." ಅವನೂ ಬೇಡ ಅಂದಿಲ್ಲ. ಸೊಸೆಯ ಮೇಲಿನ ಮಾತೂ ತಾನಾಗಿ ನಿಂತಿತು. ಅಷ್ಟು ಕರುಣೆ ಸಾಕು.

ದಣಿವು ಮಾತ್ರ ಹೋಗಿಲ್ಲ. ಯಾರಾದರೂ ಕಸಕ್ಕೆ ಬೆಂಕಿ ಹಚ್ಚಿದ ದಿನ ಅರ್ಧ ದಾರಿಗೇ ತಿರುಗುತ್ತೇನೆ. ಬಂದು ಬಿದ್ದರೆ ಊಟವೂ ಬೇಡ.

ಈ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಸೊಸೆಯನ್ನು ಬಚ್ಚಲಿನಿಂದ ಹೊರಗೆ ಕಳಿಸಿದೆ. ಸ್ಟೂಲಿನ ಮೇಲೆ ಕೂತು ಒಂದು ತಂಬಿಗೆ ಹಾಕಿಕೊಂಡು, ಉಸಿರು ತಗೊಂಡು, ಮತ್ತೊಂದು. ಬೆನ್ನಿಗೆ ಕೈ ಮುಟ್ಟಲಿಲ್ಲ, ಇರಲಿ. ನೀರು ಆರಿಯೇ ಹೋಗಿತ್ತು.

"ಅತ್ತಿ, ಆತೇನ್ರಿ?"

"ಇನ್ನೂ ಇಲ್ಲ. ನೀ ಹೋಗಿ ರೊಟ್ಟಿ ಬಡಿ."

ಅವಳು ಹೋಗಲಿಲ್ಲ. ಬಾಗಿಲ ಆಚೆ ಬಳೆ ಸಪ್ಪಳ ಕೇಳುತ್ತಿತ್ತು. ಅಲ್ಲೇ ನಿಂತಿರಲಿ ಅಂದುಕೊಂಡು ಸಾಬೂನು ತಗೊಂಡೆ.