ಬಟ್ಟೆ ಒಗೆದವನಿಗೇ ಮೊದಲು ಮಗು

ನಮ್ಮ ದೊಡ್ಡವ್ವ ಹೊನ್ನಕ್ಕನಿಗೆ ಕ್ಷಮಿಸುವುದು ಬರುವುದಿಲ್ಲ. ನಲವತ್ತು ವರ್ಷ ಸಿಸ್ಟರುಗಳ ಜೊತೆಗಿದ್ದು ಎಲ್ಲ ಕಲಿತಳು, ಅದೊಂದು ಕಲಿಯಲಿಲ್ಲ. ಒಳ್ಳೆಯದೇ ಆಯಿತು.

ಕೊಣನೂರಿನ ಆಚೆ, ನಮ್ಮೂರಿನಲ್ಲಿ, ಕ್ರೈಸ್ತ ಸನ್ಯಾಸಿನಿಯರಾದ ಈ ಸಿಸ್ಟರುಗಳ ಹೆರಿಗೆ ಆಸ್ಪತ್ರೆಯಿತ್ತು. ದೊಡ್ಡವ್ವ ಅಲ್ಲಿ ಆಯಾ ಆಗಿ ಸೇರಿದಾಗ ಒಂಬತ್ತು ಜನ ಸಿಸ್ಟರುಗಳಿದ್ದರಂತೆ. ಮಂಗಳೂರು ಕಡೆಯ ಬೆನೆಡಿಕ್ಟಾ ಸಿಸ್ಟರ್ ಅವಳಿಗೆ ಹೆರಿಗೆ ಮಾಡಿಸುವುದನ್ನು ಕೈಹಿಡಿದು ಕಲಿಸಿದರು. ನಮ್ಮ ಕೇರಿಯ ಹೆಂಗಸಿನ ಕೈಯನ್ನು ಆ ಊರಿನಲ್ಲಿ ಬೇರೆ ಯಾರು ಹಿಡಿಯುತ್ತಿದ್ದರು, ಹೇಳಿ?

ಆ ಸಿಸ್ಟರದ್ದೊಂದು ಕಟ್ಟಳೆ. ಹೆರಿಗೆಯ ರಕ್ತದ ಬಟ್ಟೆಗಳನ್ನು ಮನೆಯ ಗಂಡಸೇ ಒಗೆಯಬೇಕು, ಒಗೆದ ಮೇಲೇ ಮಗುವಿನ ಮುಖ. ಕೂಲಿಯವನಿಗೂ ಅಷ್ಟೇ, ಪಟೇಲನಿಗೂ ಅಷ್ಟೇ. ಪಟೇಲರ ಮನೆಯ ಈಶ್ವರಯ್ಯ ಮಗಳು ಹುಟ್ಟಿದಾಗ ಆಸ್ಪತ್ರೆಯ ಬಾವಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಗೆದಿದ್ದ, ನಮ್ಮ ಕೇರಿಯವರೆಲ್ಲ ನೋಡುತ್ತಿದ್ದಂತೆ. ತಾತನ ವಯಸ್ಸಿನವನು, ಆದರೂ ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ಆ ದಿನವನ್ನು ಅವನು ಮರೆಯಲಿಲ್ಲ.

ವರ್ಷಗಳು ಕಳೆದವು. ಸಿಸ್ಟರಾಗಲು ಹೊಸ ಹುಡುಗಿಯರು ಬರುವುದು ನಿಂತಿತು. ಇದ್ದವರಲ್ಲಿ ಕೆಲವರು ತೀರಿಕೊಂಡರು, ಕೆಲವರನ್ನು ಬೇರೆ ಊರಿಗೆ ಕರೆಸಿಕೊಂಡರು. ಕೊನೆಗೆ ಎಂಬತ್ತು ದಾಟಿದ ಬೆನೆಡಿಕ್ಟಾ ಒಬ್ಬರೇ ಉಳಿದು, ಬಂದವರ ಬಿ.ಪಿ. ನೋಡುತ್ತ, ಗಾಯಕ್ಕೆ ಪಟ್ಟಿ ಕಟ್ಟುತ್ತ ಕೂತಿದ್ದರು. ಈಶ್ವರಯ್ಯ ಕಾದಿದ್ದು ಅದಕ್ಕೇ. ಮತಾಂತರ ಮಾಡುತ್ತಾರೆಂದು ಅರ್ಜಿ ಬರೆಸಿ ತಾನೇ ಮನೆಮನೆಗೂ ಹೋಗಿ ಸಹಿ ಹಾಕಿಸಿದ. ಮತಾಂತರವಂತೆ, ಅವನ ತಲೆ! ನಲವತ್ತು ವರ್ಷ ಅಲ್ಲೇ ಉಂಡ ನಮ್ಮ ದೊಡ್ಡವ್ವ ಇವತ್ತಿಗೂ ದೀಪ ಹಚ್ಚುವುದು ಬುದ್ಧನ ಮುಂದೆ. ಸಹಿ ಹಾಕಿದವರಲ್ಲಿ ಅರ್ಧ ಜನ ಅದೇ ಸಿಸ್ಟರ ಕೈಯಲ್ಲಿ ಹುಟ್ಟಿದವರು.

ಆಸ್ಪತ್ರೆಗೆ ಬೀಗ ಬಿತ್ತು. ಮಂಗಳೂರಿನ ಕಾರು ಹತ್ತುವಾಗ ಸಿಸ್ಟರ್ ತಮ್ಮ ಬಿಳಿ ಏಪ್ರನ್ ದೊಡ್ಡವ್ವನಿಗೆ ಕೊಟ್ಟು, "ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಬೇಡ, ಹೊನ್ನಕ್ಕ" ಎಂದರು. ಇವಳು ಏಪ್ರನ್ನನ್ನೂ ಇಟ್ಟುಕೊಂಡಳು, ಸಿಟ್ಟನ್ನೂ ಇಟ್ಟುಕೊಂಡಳು.

ನಾನು ಹಾಸನದಲ್ಲಿ ನರ್ಸು. ಹೋದ ವರ್ಷ ರಜೆಯಲ್ಲಿ ಊರಿಗೆ ಬಂದಿದ್ದಾಗ, ಹೆರಿಗೆಗೆಂದು ಅಜ್ಜನ ಮನೆಯಲ್ಲಿದ್ದ ಈಶ್ವರಯ್ಯನ ಮೊಮ್ಮಗಳು ಸ್ನೇಹಲತಾಗೆ ಎರಡು ವಾರ ಮೊದಲೇ ನೋವು ಬಂತು. ಅರಕಲಗೂಡಿನಿಂದ ಹೊರಟ ಆಂಬುಲೆನ್ಸ್ ಕೊಣನೂರು ಸಂತೆಯ ಜನದಲ್ಲಿ ಸಿಕ್ಕಿಕೊಂಡಿತ್ತು. ಮುದುಕ ನಮ್ಮ ಬಾಗಿಲಿಗೇ ಬಂದ.

"ಒನ್ನಕ್ಕ, ಕೈಮುಗೀತೀನಿ, ಬಾರವ್ವ."

ಇಷ್ಟು ವರ್ಷ 'ಒನ್ನಿ' ಎಂದು ಕೂಗುತ್ತಿದ್ದ ಬಾಯಿ ಅದು. ದೊಡ್ಡವ್ವ ಟ್ರಂಕಿನಿಂದ ಏಪ್ರನ್ ತೆಗೆದು ಕಟ್ಟಿಕೊಂಡು, "ನಡಿಯಮ್ಮಿ" ಎಂದು ನನ್ನನ್ನು ಕರೆದಳು. ಹಿತ್ತಿಲಿನಿಂದಲ್ಲ, ಪಟೇಲರ ಮುಂಬಾಗಿಲಿನಿಂದಲೇ ಒಳಗೆ ಹೋದಳು.

ಅರ್ಧ ಗಂಟೆಯಲ್ಲಿ ಗಂಡುಮಗು ಅತ್ತಿತು. ತಾಯಿಯೂ ಚೆನ್ನಾಗಿದ್ದಳು. ಈಶ್ವರಯ್ಯ ಬಾಗಿಲಿಗೆ ಓಡಿಬಂದಾಗ ದೊಡ್ಡವ್ವ ಬಕೆಟ್ಟು ಹಿಡಿದು ಅಡ್ಡ ನಿಂತಿದ್ದಳು.

"ಮೊದ್ಲು ಬಟ್ಟೆ, ಆಮ್ಯಾಕೆ ಮಗ. ಕಟ್ಳೆ ಮರ್ತ್ರಾ, ಈಸ್ವರಯ್ಯೋರೆ?" ನಮ್ಮ ಕೇರಿಯವರೆಲ್ಲ ಅನ್ನುವಂತೆ 'ಬುದ್ದಿ' ಅನ್ನಲಿಲ್ಲ ಅವಳು.

"ಆಳುಗಳು ಅವ್ರೆ ಕಣವ್ವ."

"ಅರ್ಜಿಗೆ ಸೈನು ಆಳ್ ಕೈಲಿ ಆಕ್ಸಿದ್ರಾ?"

ಮುದುಕ ಬಕೆಟ್ಟು ತೆಗೆದುಕೊಂಡು ಮನೆಯ ಮುಂದಿನ ಬೀದಿ ನಲ್ಲಿಗೆ ಹೋದ. ಆಚೀಚೆ ಮನೆಯವರು ಹೊರಗೆ ಬಂದು ನಿಂತರು. "ಅಲ್ಲಿನ್ನೂ ಕಲೆ ಅದೆ, ಉಜ್ಜಿ" ಎಂದು ದೊಡ್ಡವ್ವ ಬಾಗಿಲಿನಿಂದಲೇ ಹೇಳುತ್ತಿದ್ದಳು. ತಾಯಿ-ಮಗುವಿನ ಪಕ್ಕ ಕೂತು ನಾನು ಕಿಟಕಿಯಿಂದ ನೋಡಿದೆ. ಅಯ್ಯೋ ಪಾಪ ಅನ್ನಿಸಿತು ಎಂದರೆ ಸುಳ್ಳಾಗುತ್ತದೆ. ಹೊಟ್ಟೆ ತಣ್ಣಗಾಯಿತು.

ಎಲ್ಲ ಒಗೆದು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಮಗುವಿಗಾಗಿ ಕೈ ಚಾಚಿದ. ದೊಡ್ಡವ್ವ ಏಪ್ರನ್ ಬಿಚ್ಚಿ ಆ ಕೈಗೆ ಹಾಕಿದಳು. ಅದರ ಜೇಬಿನ ಮೇಲೆ ಕೆಂಪು ದಾರದ ಶಿಲುಬೆಯಿತ್ತು. ಈಶ್ವರಯ್ಯ ಗುರುತು ಹಿಡಿದ.

"ಸಿಸ್ಟರಮ್ಮಂದು," ಎಂದಳು. "ಬೆಳ್ಳಗಾಗೋಗಂಟ ಒಗೀರಿ."

ಅದರಲ್ಲಿ ಇವತ್ತಿನ ಕಲೆಯಷ್ಟೇ ಅಲ್ಲ, ಊರಿನ ಎಷ್ಟೋ ಹೆರಿಗೆಗಳ ಹಳೆಯ ಕಲೆಯೂ ಇತ್ತು. ಆಂಬುಲೆನ್ಸ್ ಬಂತು, ತಾಯಿ-ಮಗುವನ್ನು ಹತ್ತಿಸಿಕೊಂಡು ಹೊರಟೇಹೋಯಿತು. ಈಶ್ವರಯ್ಯ ನಲ್ಲಿಯ ಕೆಳಗೆ ಇನ್ನೂ ಉಜ್ಜುತ್ತಿದ್ದ.