ಸಿಗಡಿ ಹೊಂಡಕ್ಕಿಳಿದ ತಂತಿ

ನನ್ನನ್ನು ಕೇಳದೆ ನನ್ನ ಮರಗೆಣಸಿನ ಪಾತಿಯಡಿ ತಾಮ್ರದ ತಂತಿ ಹೂತರಲ್ಲ, ಆ ಸಿಟ್ಟು ನನಗೆ ಇನ್ನೂ ಇದೆ. ಹೂತವರು ಪಕ್ಕದ ಮನೆಯ ಔಸೇಪ್ ಮಾಷ್. ನಿವೃತ್ತ ಮೇಷ್ಟರು, ನಮ್ಮ ವೈಪಿನ್ ದ್ವೀಪಕ್ಕೆಲ್ಲ ಒಬ್ಬರೇ, ಮನೆಯಿಂದಲೇ ದೂರದೇಶದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋದ ಹುಚ್ಚರು. ಅವರ ಅಂಗಳದಲ್ಲಿ ತೆಂಗಿನಮರದೆತ್ತರದ ಆಂಟೆನಾ ಕಂಬ, ಅದರ ಬುಡದಿಂದ ಸುತ್ತಲೂ ಮಣ್ಣಿನಡಿ ಹರಡಿದ ನಲವತ್ತು ತಂತಿಗಳು. ಉದ್ದ ಅಲೆಯ ಮಾತು ದೂರ ಹೋಗಲು ಅವು ಬೇಕಂತೆ. ಹನ್ನೊಂದು ವರ್ಷ ಕೂಗಿದರೂ ಪೆರು ದೇಶದಿಂದ ಮಾತ್ರ ಯಾರೂ ಓಗೊಟ್ಟಿರಲಿಲ್ಲ.

ಗೆಣಸು ಅಗೆಯುವಾಗ ನನ್ನ ಗುದ್ದಲಿಗೆ ಮೂರು ತಂತಿ ತುಂಡಾದವು. ಮಾಷ್ ಓಡಿ ಬಂದರು.

"ಕಡಿದುಬಿಟ್ಯಲ್ಲೋ ಸುಗುಣಾ, ಇನ್ನು ಇವನ್ನ ಎಲ್ಲಿ ಹಾಕ್ಲಿ?"

"ನನ್ನ ಸಿಗಡಿ ಹೊಂಡಕ್ಕೆ ಹಾಕಿ ಮಾಷೇ, ಸಿಗಡಿನಾದ್ರೂ ನಿಮ್ಮ ಮಾತು ಕೇಳ್ಲಿ" ಎಂದು ರೇಗಿದೆ.

ಅವರ ಮುಖ ಅರಳಿತು. "ಉಪ್ಪುನೀರಲ್ವೇನೋ ಅದು. ಅಲೆ ದೂರ ಹೋಗೋಕೆ ಮಣ್ಣಿಗಿಂತ ಎಷ್ಟೋ ಮೇಲು. ನನಗ್ಯಾಕೆ ಹೊಳೀಲಿಲ್ಲ?"

ನಾನು ಬೇಡವೆನ್ನುವಷ್ಟರಲ್ಲಿ ಅವರು ತಂತಿ ಹಿಡಿದು ಮೊಣಕಾಲುದ್ದ ಕೆಸರಿನಲ್ಲಿದ್ದರು.

ಮೂರನೆಯ ದಿನ ಸೂರ್ಯ ಏಳುವ ಹೊತ್ತಿಗೆ ಪೆರುವಿನವನೊಬ್ಬ ಉತ್ತರ ಕೊಟ್ಟ. ಮಾಷ್ ಬೇಲಿ ದಾಟಿ ಬಂದು ನನ್ನ ಕೈ ಹಿಡಿದು ಅತ್ತರು.

"ನಿನ್ನಷ್ಟು ದೊಡ್ಡ ಮನಸ್ಸು ಯಾರಿಗಿದೆಯೋ?"

ಅಂದಿನಿಂದ ಪ್ರತಿ ಭಾನುವಾರ ಅವರ ಮನೆಯಿಂದ ಮೀನುಸಾರು ಬರುತ್ತದೆ. ನಾನು ಅಂದದ್ದು ಉಪಕಾರವಲ್ಲ, ಬೈಗುಳ ಎಂಬ ನಿಜವೊಂದು ಅವರಿಗೆ ನನ್ನಿಂದ ಬಾಕಿ ಇದೆ. ಸಾರು ಬಹಳ ಚೆನ್ನಾಗಿರುತ್ತದೆ, ನಿಜ ಇನ್ನೂ ಹೇಳಿಲ್ಲ.