ಹೊಟ್ಟಿನ ಒಲೆಯ ಮೇಲೆ ಸೇಬು

ಅವತ್ತು ನಾನು ಮಿಲ್ಲಿನಿಂದ ಮನೆಗೆ ಬಂದಾಗ ಜಯಮ್ಮ "ಉಂಡ್ರಾ?" ಅಂತ ಕೇಳಲಿಲ್ಲ.

ಮೊದಲ ಲಕ್ಷಣ ಅದೇ. ನಮಗೆ ಮದುವೆಯಾಗಿ ಒಂಬತ್ತು ವರ್ಷ. ಶಿರಾದ ಕಡಲೆಕಾಯಿ ಮಿಲ್ಲಿನಲ್ಲಿ ದಿನವಿಡೀ ಮೂಟೆ ತೂಗಿ ಬರುವ ನನ್ನನ್ನು ನನ್ನ ಹೆಂಡತಿ ಹೊಸ್ತಿಲಲ್ಲೇ ಹಾಗೆ ಕೇಳುವುದು, ನೀನು ಇಕ್ಕದೆ ಇನ್ಯಾರು ಇಕ್ಕುತ್ತಾರೆ ಅಂತ ನಾನು ಸಿಡುಕುವುದು, ಇದು ನಮ್ಮ ಮನೆಯ ಪದ್ಧತಿ. ಅವತ್ತು ಅವಳು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಹಣೆ ಮುಟ್ಟಿದೆ. ಕೆಂಡ.

ಟೈಫಾಯ್ಡ್.

ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಡ್ರಿಪ್, ಇಂಜೆಕ್ಷನ್, ನಾಲ್ಕು ಗಂಟೆಗೊಮ್ಮೆ ಟೆಂಪರೇಚರ್. ನೋಡಲು ಬಂದವರೆಲ್ಲ ಸೇಬು ತಂದರು. ನಮ್ಮ ಕಡೆ ಸೇಬು ಅಂದರೆ ರೋಗಿಯ ಹಣ್ಣು. ಗಟ್ಟಿಮುಟ್ಟಾಗಿರುವವರು ಅದನ್ನು ಕೊಂಡು ತಿಂದದ್ದನ್ನು ನಾನು ಕಂಡಿಲ್ಲ. ಹೊಳವನಹಳ್ಳಿಯಿಂದ ಜಯಮ್ಮನ ಅಣ್ಣ ಒಂದು ಚೀಲ ತಂದ. ನಮ್ಮ ಮದುವೆಗೆ ಒಂದು ತೆಂಗಿನಕಾಯಿ ಕೊಡಲು ಹಿಂದೆ ಮುಂದೆ ನೋಡಿದ ದೊಡ್ಡೇರಿಯ ಚಿಕ್ಕಪ್ಪ ಕೂಡ ಆರು ಸೇಬು ತಂದ. ಎರಡನ್ನು ಅಲ್ಲೇ ಕೂತು ತಾನೇ ತಿಂದ, ಆ ಮಾತು ಬೇರೆ. ಡಾಕ್ಟರು ರೌಂಡ್ಸಿಗೆ ಬಂದಾಗ ಮಂಚದ ಕೆಳಗಿನ ಬುಟ್ಟಿ ನೋಡಿ ನಕ್ಕರು. ಕರುಳು ಇನ್ನೂ ಹುಣ್ಣಾಗಿದೆ, ಹಸಿ ಹಣ್ಣು ಮುಟ್ಟಿಸಬೇಡಿ, ಸಾಫ್ಟ್ ಡಯಟ್ ಮಾತ್ರ ಅಂದರು. ಅಷ್ಟು ಸೇಬಿನ ನಡುವೆ ಅವಳು ಗಂಜಿಯ ಲೋಟ ಹಿಡಿದು ಮಲಗಿದ್ದಳು.

ಜ್ವರ ಇಳಿಯಿತು. ಡಿಸ್ಚಾರ್ಜ್ ಆಯಿತು. ಬುಟ್ಟಿಯನ್ನೂ ಅವಳನ್ನೂ ಒಂದೇ ಜಟಕಾದಲ್ಲಿ ಮನೆಗೆ ಕರೆತಂದೆ.

ಆದರೆ ಅವಳು ಉಣ್ಣಲಿಲ್ಲ.

ಗಂಜಿ ಬೇಡ, ಬ್ರೆಡ್ಡು ಬೇಡ, ಹಾಲು ಬೇಡ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬಲವಂತ ಮಾಡಿದರೆ "ಎಲ್ಲಾ ಕಹಿ ಕಣ್ರಿ, ನನ್ ಪಾಡಿಗೆ ಬುಟ್ಬುಡಿ" ಎಂದು ಗೋಡೆ ಕಡೆ ತಿರುಗುತ್ತಿದ್ದಳು. ಗುರುವಾರ ಡಾಕ್ಟರ ಹತ್ತಿರ ಹೋದೆ. ಔಷಧಿ ಅದರ ಕೆಲಸ ಮಾಡಿದೆ, ಇನ್ನು ಊಟ ಮಾಡಬೇಕು ಅಂದರು. ಭಾನುವಾರದವರೆಗೆ ನೋಡೋಣ, ಆಗಲೂ ಒಳಕ್ಕೆ ಏನೂ ಹೋಗದಿದ್ದರೆ ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಡುತ್ತೇನೆ ಅಂತಲೂ ಹೇಳಿದರು.

ಜಯಮ್ಮನ ಅವ್ವನಿಗೂ ಹೀಗೇ ಬೆಂಗಳೂರಿಗೆ ಬರೆದುಕೊಟ್ಟಿದ್ದರು. ಆಕೆ ವಾಪಸ್ಸು ಬರಲಿಲ್ಲ.

ಆ ಸುದ್ದಿ ಕೇಳಿ ಅವಳು ನನ್ನ ಹೆಬ್ಬೆರಳು ಹಿಡಿದುಕೊಂಡಳು. "ಅಲ್ಲಿಗ್ ಮಾತ್ರ ಕಳಿಸ್ಬ್ಯಾಡಿ" ಅಂದಳು. ಎಂಬತ್ತು ಕೆಜಿ ಮೂಟೆ ಹೊರುವ ನನಗೆ ಆ ಬೆರಳನ್ನು ಬಿಡಿಸಿಕೊಳ್ಳುವ ಶಕ್ತಿ ಇರಲಿಲ್ಲ. ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

ದಾರಿ ತೋರಿಸಿದ್ದು ಪಕ್ಕದ ಮನೆಯ ಹಾಜಿರಕ್ಕ. ಬುಟ್ಟಿ ನೋಡಿ, ಇಷ್ಟು ಸೇಬು ಕೊಳೆಸುತ್ತೀಯಲ್ಲ ಎಂದು ಬೈದರು. ತಮ್ಮ ತವರಿನಲ್ಲಿ ಕಾಯಿಲೆಯವರಿಗೆ ಸೇಬನ್ನು ದಿನಪೂರ್ತಿ ಸಣ್ಣ ಉರಿಯಲ್ಲಿ ಬೇಯಿಸಿ, ಮಸೆದು, ಬೆಲ್ಲ ಹಾಕಿ ಕೊಡುತ್ತಿದ್ದರಂತೆ. "ಜಲ್ದಿ ಮಾಡಿದ್ರೆ ಸೀದೋಗ್ತದೆ ಅಣ್ಣಾ. ಸಬೂರ್ ಇದ್ರೆ ಮಾತ್ರ ಕೈ ಹಾಕು." ಡಾಕ್ಟರನ್ನು ಕೇಳಿದೆ. ಸಿಪ್ಪೆ ತೆಗೆದು, ಬೆಣ್ಣೆಯಂತೆ ಬೆಂದಿದ್ದರೆ ಕೊಡಿ ಅಂದರು.

ಶನಿವಾರ ರಜೆ ಹಾಕಿದೆ. ಗ್ಯಾಸಿಗೆ ಹೆಸರು ಬರೆಸಿ ಎರಡು ವರ್ಷ ಕಳೆದರೂ ಸಿಲಿಂಡರ್ ಬಂದಿಲ್ಲ. ಪಂಪ್ ಸ್ಟವ್ವಿಗೆ ಸಣ್ಣ ಉರಿ ಅಂದರೇನು ಅಂತಲೇ ಗೊತ್ತಿಲ್ಲ. ಉಳಿದದ್ದು ಹೊಟ್ಟಿನ ಒಲೆ. ಮಿಲ್ಲಿನ ಕಡಲೆಕಾಯಿ ಹೊಟ್ಟನ್ನು ತಗಡಿನ ಡಬ್ಬದೊಳಗೆ ತುಂಬಿ, ನಡುವೆ ಗಾಳಿಗೆ ದಾರಿ ಬಿಟ್ಟು ಹಚ್ಚಿದರೆ ಸಂಜೆವರೆಗೆ ಮೆಲ್ಲಗೆ ಉರಿಯುತ್ತಿರುತ್ತದೆ. ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ, ಬಾಟಲಿ ತೆಗೆದರೆ ಆಯಿತು. ಇದರಲ್ಲೇನಿದೆ ಮಹಾ ಅಂದುಕೊಂಡು ಬಾಟಲಿಯನ್ನು ಸರಕ್ಕನೆ ಎಳೆದೆ.

ಹೊಟ್ಟು ಪೂರಾ ಕುಸಿಯಿತು. ಅದಕ್ಕೇ ಕಡ್ಡಿ ಗೀರಿದೆ. ಮನೆ ತುಂಬ ಹೊಗೆ.

ಒಳಗಿಂದ ಕೆಮ್ಮು ಕೇಳಿತು. ಆಮೇಲೆ ಹೆಜ್ಜೆ. ಗೋಡೆ ಹಿಡಿದುಕೊಂಡು ಜಯಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು.

"ಒಂಬತ್ ವರ್ಷದಿಂದ ಹೊಟ್ಟು ಹೊತ್ಕೊಂಡ್ ಬತ್ತೀರ, ತುಂಬೋದ್ ಹೆಂಗೆ ಅಂತ ಒಂದಿನಾನೂ ನೋಡ್ಲಿಲ್ವಾ? ಗಟ್ಟಿಯಾಗಿ ತುಳೀರಿ. ಬಾಟ್ಲಿನ ತಿರುಗಿಸ್ತಾ ತಿರುಗಿಸ್ತಾ ಮೇಲಕ್ಕೆತ್ತಿ."

ಮೂರು ವಾರದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು. ಬೈಸಿಕೊಂಡು ಇಷ್ಟು ಖುಷಿಪಟ್ಟ ಗಂಡ ಶಿರಾದಲ್ಲಿ ಇನ್ನೊಬ್ಬನಿರಲಾರ. ಇನ್ನೊಂದು ಸಲ ಬೇಕೆಂದೇ ಬೀಳಿಸಲೇ ಅನ್ನಿಸಿತು, ಆದರೆ ಅವಳ ಕಾಲುಗಳು ನಡುಗುತ್ತಿದ್ದವು. ಚಾಪೆ ಹಾಸಿ ಅಲ್ಲೇ ಕೂರಿಸಿದೆ. ಅವಳು ಹೇಳಿದಂತೆ ತುಳಿದೆ, ಹೇಳಿದಂತೆ ತಿರುಗಿಸಿದೆ. ಈ ಸಲ ಹೊಟ್ಟು ಕುಸಿಯಲಿಲ್ಲ, ಒಲೆ ಹೊತ್ತಿಕೊಂಡಿತು.

ಮಣ್ಣಿನ ಮಡಕೆಯಲ್ಲಿ ಸೇಬಿನ ಹೋಳು, ಒಂದು ಲೋಟ ನೀರು, ಒಂದು ಚೂರು ಚಕ್ಕೆ. ಬೆಳಿಗ್ಗೆಯೆಲ್ಲ ಏನೂ ಆಗಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹೋಳು ಕರಗತೊಡಗಿತು. ಮರದ ಸೌಟಿನಿಂದ ತಿರುವುತ್ತ ಕೂತೆ. ಕೈ ನಿಲ್ಲಿಸಿದರೆ, ತಳ ಹಿಡೀತದೆ ಅಂತ ಚಾಪೆ ಮೇಲಿಂದ ಅವಳ ಎಚ್ಚರಿಕೆ ಬರುತ್ತಿತ್ತು. ಬಿಳುಪು ಹೋಗಿ ಹಳದಿಯಾಯಿತು. ಬೆಲ್ಲ ಹಾಕಿದ ಮೇಲೆ ಕಂದು. ಮನೆಯಲ್ಲಿದ್ದ ಡೆಟಾಲ್ ವಾಸನೆ ಹೋಗಿ ಹಬ್ಬದ ವಾಸನೆ ಬಂತು. ಸಂಜೆ ಸೌಟು ಎತ್ತಿದರೆ ಸುರಿಯದೆ ಮುದ್ದೆಯಾಗಿ ಬೀಳುತ್ತಿತ್ತು.

ಬಟ್ಟಲಿಗೆ ಹಾಕಿ, ಆರಿಸಿ ಒಂದು ಚಮಚ ಕೊಟ್ಟೆ. ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಕಹಿ ಇಲ್ಲ" ಅಂದಳು.

ಇನ್ನೊಂದು ಚಮಚ. ಮತ್ತೊಂದು. ಬ್ರೆಡ್ಡಿಗೆ ಸವರಿ ಕೊಟ್ಟೆ, ಅದೂ ಹೋಯಿತು. ಬಟ್ಟಲು ಅರ್ಧವಾದಾಗ ತಲೆಯೆತ್ತಿ ನನ್ನ ಮಸಿ ಮೆತ್ತಿದ ಮುಖವನ್ನು ನೋಡಿದಳು.

"ನೀವ್ ಉಂಡ್ರಾ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಮಡಕೆಯನ್ನು ನನ್ನ ಕಡೆ ತಳ್ಳಿದಳು. "ಚಮಚ ಬ್ಯಾರೆ ತಗಳಿ. ಡಾಕ್ಟ್ರು ಹೇಳವ್ರೆ."

ಇದಾಗಿ ಎರಡು ತಿಂಗಳು. ಬೆಂಗಳೂರಿನ ಚೀಟಿ ಬರೆಸಬೇಕಾಗಲಿಲ್ಲ. ತಲೆಗೂದಲು ಉದುರಿದೆ, ಬಿಂದಿಗೆ ಎತ್ತಿದರೆ ಇನ್ನೂ ಸುಸ್ತು, ಮುಂದಿನ ವಾರ ಮತ್ತೊಮ್ಮೆ ಬ್ಲಡ್ ಟೆಸ್ಟ್ ಇದೆ. ಪೂರ್ತಿ ಗೆದ್ದೆವು ಅಂತ ಹೇಳುವ ಧೈರ್ಯ ನನಗಿಲ್ಲ.

ನಿನ್ನೆ ಮಿಲ್ಲಿನಿಂದ ಬಂದಾಗ ಹೊಸ್ತಿಲಲ್ಲಿ ನಿಂತು ಉಂಡ್ರಾ ಅಂತ ಕೇಳಿದಳು. ಇಲ್ಲ, ಇಕ್ಕು ಅಂದೆ. ಈಗ ನಾನು ಸಿಡುಕುವುದಿಲ್ಲ.